ಮಸೂರಿಯೊಳಗೊಂದು ಮಸೂರ

ಒಳ್ಳೆಯ ಲೆನ್ಸು ತಿರುಗುವಾಗ ಸದ್ದು ಮಾಡುವುದಿಲ್ಲ. ಸೋಪು ಹಚ್ಚಿದ ಕೈಯಿಂದ ಬಳೆ ಜಾರಿದ ಹಾಗೆ ಅದರ ಉಂಗುರ ಜಾರಬೇಕು. ಆ ಭಾನುವಾರ ಬೆಳಿಗ್ಗೆ ನನ್ನ ಕೈಯಲ್ಲಿದ್ದ ಲೆನ್ಸು ಮಾತ್ರ ಬೀಸುವ ಕಲ್ಲಿನಂತೆ ಕರಕರ ಅನ್ನುತ್ತಿತ್ತು. ಅಡುಗೆಮನೆಯಲ್ಲಿ ಮಿಕ್ಸರ್ ಓಡುತ್ತಿದೆ, ಅದರ ಸದ್ದಿರಬಹುದು ಎಂದು ಮಿಕ್ಸರ್ ನಿಲ್ಲುವ ತನಕ ಕಾದೆ. ನಿಂತಿತು. ತಿರುಗಿಸಿದೆ. ಕರ್.

ಆ ಲೆನ್ಸು ನನ್ನದಾಗಿದ್ದರೆ ನಾಲ್ಕು ದಿನ ಮುಖ ಸಣ್ಣ ಮಾಡಿಕೊಂಡು ಓಡಾಡಿ ಸುಮ್ಮನಾಗುತ್ತಿದ್ದೆ. ಅದು ವೀರೇಶನದು. ವೀರೇಶ ನನ್ನ ತಮ್ಮನ ಗೆಳೆಯ. ಗಂಗಾವತಿಯಲ್ಲಿ ಸಣ್ಣದೊಂದು ಸ್ಟುಡಿಯೋ ಇಟ್ಟುಕೊಂಡಿದ್ದಾನೆ. ಮದುವೆ, ಬಸುರಿಯರ ಕುಬಸ, ತೊಟ್ಟಿಲ ಕಾರ್ಯಗಳ ಫೋಟೋ ತೆಗೆದು ಹೊಟ್ಟೆ ತುಂಬಿಸಿಕೊಳ್ಳುತ್ತಾನೆ, ಹಕ್ಕಿಗಳ ಫೋಟೋ ತೆಗೆದು ಜೀವ ತುಂಬಿಸಿಕೊಳ್ಳುತ್ತಾನೆ. ಆ ದಿನ ಹನ್ನೊಂದು ಗಂಟೆಗೆ ಅವನು ಕೊಪ್ಪಳದ ನಮ್ಮ ಮನೆಗೆ ಬಂದು ಲೆನ್ಸು ವಾಪಸ್ಸು ಒಯ್ಯುವವನಿದ್ದ. ಮರುದಿನ ಬೆಳಿಗ್ಗೆ ಮರಳಿ ಎಂಬ ಊರಿನ ಹತ್ತಿರದ ಒಂದು ಗುಂಡುಗಲ್ಲಿನ ಗುಡ್ಡದಲ್ಲಿ ಕೊಂಬಿನ ಗೂಬೆಯ ಮರಿಗಳ ಫೋಟೋ ತೆಗೆಯಬೇಕಿತ್ತು. ಎರಡು ವರ್ಷದಿಂದ ಆ ಜೋಡಿ ಗೂಬೆಗಳನ್ನು ಅವನು ಕಾಯುತ್ತಿದ್ದ. ಮೊದಲ ವರ್ಷ ಗೂಡು ಪತ್ತೆಯಾಗುವಷ್ಟರಲ್ಲಿ ಮರಿಗಳು ಹಾರಿದ್ದವು. ಹೋದ ವರ್ಷ ಮೊಟ್ಟೆಯೇ ಉಳಿಯಲಿಲ್ಲ. ಈ ಸಲ ಎರಡು ಮರಿ ಗೂಡಿನ ಬಾಯಿಗೆ ಬಂದು ಕೂಡುತ್ತಿವೆ, ಇನ್ನು ನಾಲ್ಕೈದು ದಿನದಲ್ಲಿ ಕಲ್ಲುಸಂದಿಗಳಲ್ಲಿ ಚದುರಿಬಿಡುತ್ತವೆ ಎಂದು ಫೋನಿನಲ್ಲಿ ಹೇಳಿದ್ದ. ಹತ್ತಿರ ಹೋಗುವಂತಿಲ್ಲ, ಹೋದರೆ ತಾಯಿ ಗೂಬೆ ಬೆದರುತ್ತದೆ. ದೂರದಿಂದ ತೆಗೆಯಲು ಅವನಿಗಿರುವುದು ಇದೊಂದೇ ಲೆನ್ಸು. ಇದನ್ನು ಬಿಚ್ಚಿ ಸರಿಮಾಡುವವರು ಇರುವುದು ಹುಬ್ಬಳ್ಳಿಯಲ್ಲಿ. ಅವರು ಹದಿನೈದು ದಿನಕ್ಕೆ ಕಡಿಮೆ ಹೇಳುವುದಿಲ್ಲ.

ಆಗ ಗಂಟೆ ಒಂಬತ್ತೂವರೆ.

ನನಗೆ ಈ ಹುಚ್ಚು ಹತ್ತಿದ್ದು ತಡವಾಗಿ. ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತೇನೆ. ಶಾಸನದ ಕಲ್ಲುಗಳ ಫೋಟೋಕ್ಕೆಂದು ಕೊಂಡ ಕ್ಯಾಮೆರಾ ಮೆಲ್ಲಗೆ ಕಲ್ಲಿನ ಮೇಲೆ ಕೂತ ಹಕ್ಕಿಯ ಕಡೆ ತಿರುಗಿತು. ಮೊದಲು ಕೊಂಡದ್ದು ಅಗಲ ನೋಟದ ಲೆನ್ಸು. ಗುಡ್ಡಬೆಟ್ಟಕ್ಕೆ ಇದೇ ಸರಿ ಎಂದು ಅಂಗಡಿಯವನು ಹೇಳಿದ, ನಾನು ನಂಬಿದೆ. ನಮ್ಮೂರ ಗುಡ್ಡಗಳು ಅಷ್ಟು ದೊಡ್ಡವಿರುವಾಗ ಅವನ್ನು ನೋಡುವ ಕಣ್ಣೂ ಅಷ್ಟೇ ಅಗಲ ಇರಬೇಕಲ್ಲವೇ? ಮಾಳಿಗೆ ಹತ್ತಿ ಕೋಟೆಯ ಗುಡ್ಡದ ಫೋಟೋ ತೆಗೆದು ನೋಡಿದರೆ ನಮ್ಮ ಮನೆಯ ನೀರಿನ ಟ್ಯಾಂಕು ರಾಕ್ಷಸನ ಹಾಗೆ ಮುಂದೆ ನಿಂತಿದೆ, ಗುಡ್ಡ ಅದರ ಹಿಂದೆ ಶೇಂಗಾ ಉಂಡೆಯಷ್ಟಾಗಿ ಕೂತಿದೆ. ಅಗಲ ಲೆನ್ಸು ಹತ್ತಿರದ್ದನ್ನು ಉಬ್ಬಿಸುತ್ತದೆ, ದೂರದ್ದನ್ನು ಇನ್ನಷ್ಟು ದೂರ ತಳ್ಳುತ್ತದೆ. ಗುಡ್ಡ ಗುಡ್ಡದಂತೆ ಕಾಣಬೇಕಾದರೆ ದೂರ ಸರಿದು ಉದ್ದ ಲೆನ್ಸಿನಿಂದ ನೋಡಬೇಕು ಎಂದು ತಿಳಿಯಲು ನನಗೆ ಎರಡು ವರ್ಷ ಹಿಡಿಯಿತು.

ಅಷ್ಟರಲ್ಲಿ ನಾನು ಮಾಡಬೇಕಾದ ತಪ್ಪುಗಳನ್ನೆಲ್ಲ ಮಾಡಿ ಮುಗಿಸಿದ್ದೆ. ಯಲಬುರ್ಗಾದ ಎರೆಹೊಲಗಳಲ್ಲಿ ಚಿಗರಿ ಜಿಂಕೆಗಳ ದೊಡ್ಡ ಹಿಂಡು ಕಂಡು ಒಂದರ ಹಿಂದೊಂದು ಫೋಟೋ ತೆಗೆದೆ. ಮನೆಯಲ್ಲಿ ನೋಡಿದರೆ ಕಡಲೆ ಹೊಲದ ಅಂಚಿನಲ್ಲಿ ಇರುವೆ ಸಾಲು. ಕುಷ್ಟಗಿಯ ಬಯಲಿನಲ್ಲಿ ಗಾಳಿಗೆ ಎದುರಾಗಿ ನಿಂತು ಲೆನ್ಸು ಬದಲಿಸಿ, ಆ ಊರಿನ ಒಂದು ಚಿಟಿಕೆ ಧೂಳನ್ನು ಕ್ಯಾಮೆರಾದೊಳಗೆ ತುಂಬಿಕೊಂಡು ಬಂದೆ. ಆಮೇಲೆ ಆರು ತಿಂಗಳು ನನ್ನ ಎಲ್ಲ ಆಕಾಶಗಳಲ್ಲೂ ಒಂದೇ ಜಾಗದಲ್ಲಿ ಒಂದೇ ಹದ್ದು ಹಾರುತ್ತಿತ್ತು. ಅದನ್ನು ಹದ್ದು ಎಂದೇ ನಂಬಿ ಸಹೋದ್ಯೋಗಿಗಳಿಗೆ ತೋರಿಸಿದ್ದೂ ಉಂಟು.

ಉದ್ದ ಲೆನ್ಸು ನನ್ನ ಕೈಗೆ ಬಂದದ್ದು ವೀರೇಶನ ಕೈ ಮುರಿದಾಗ. ಮಳೆಗಾಲದ ಆರಂಭದಲ್ಲಿ ಬಂಡೆಯ ಮೇಲೆ ಕಾಲು ಜಾರಿ ಬಿದ್ದ. ಲೆನ್ಸು ಉಳಿಯಿತು, ಬಲಗೈ ಮಣಿಕಟ್ಟು ಉಳಿಯಲಿಲ್ಲ. ಪ್ಲಾಸ್ಟರ್ ಹಾಕಿಕೊಂಡ ಕೈಯನ್ನು ಕೊರಳಿಗೆ ನೇತುಹಾಕಿಕೊಂಡೇ ಮನೆಗೆ ಬಂದು, ಎಡಗೈಯಿಂದ ಚೀಲ ನನ್ನ ಮುಂದಿಟ್ಟ.

"ಅಕ್ಕಾರ, ಲೆನ್ಸ ಡಬ್ಬ್ಯಾಗ ಮುಚ್ಚಿಟ್ರ ಬೂಷ್ಟ ಹಿಡೀತೈತ್ರಿ. ಅದಕ್ಕ ಬೆಳಕ ಬೇಕು, ಗಾಳಿ ಬೇಕು, ತಿರಗಾಟ ಬೇಕು. ನನ್ನ ಕೈ ನೆಟ್ಟಗಾಗೋ ತನಕ ನೀವು ಬಳಸ್ರಿ."

"ಏನರ ಆದ್ರ?" ಅಂದೆ.

"ಏನಾಕ್ಕೈತ್ರಿ? ನೀವು ನನಗಿಂತ ಛಲೋ ನೋಡ್ಕೊಂತೀರಿ."

ಈ ಕೊನೆಯ ಮಾತು ಆ ಭಾನುವಾರ ಬೆಳಿಗ್ಗೆ ಎಷ್ಟು ಸಲ ನೆನಪಾಯಿತೋ ಲೆಕ್ಕವಿಲ್ಲ.

ಸೆಪ್ಟೆಂಬರಿನಲ್ಲಿ ಗಂಗಾವತಿಯ ಬಂಧುಗಳ ಮನೆಯಲ್ಲೊಂದು ಕುಬಸ. ಊಟ ಮುಗಿಸಿ, ರೇಷ್ಮೆ ಸೀರೆಯಲ್ಲೇ ಆಟೋ ಹಿಡಿದು ಮರಳಿಯ ಗದ್ದೆಗಳ ಕಡೆ ಹೋದೆ. ಅಲ್ಲಿ ಕರಿ ಕೆಂಬರಲು ಹಕ್ಕಿಗಳು ಇಳಿದಿವೆ ಎಂದು ಯಾರೋ ಹೇಳಿದ್ದರು. ಕಾಲುವೆಯ ದಂಡೆಯ ಮೇಲೆ ನಿಂತು ಕ್ಯಾಮೆರಾ ಎತ್ತಿದ್ದೇ ತಡ, ಮಳೆ ಹೇಳದೆ ಕೇಳದೆ ಸುರಿಯಿತು. ಈ ದೃಶ್ಯ ನನಗೆ ಕಣ್ಣಿಗೆ ಕಟ್ಟಿದ ಹಾಗಿದೆ. ಒಂದು ಕ್ಷಣವೂ ಯೋಚಿಸದೆ ಲೆನ್ಸನ್ನು ಎದೆಗವಚಿಕೊಂಡು ಸೆರಗು ಮುಚ್ಚಿದೆ. ಮಳೆಯೆಲ್ಲ ನನ್ನ ಬೆನ್ನ ಮೇಲೆ. ರೇಷ್ಮೆ ಸೀರೆಯ ಬಣ್ಣ ಹೋಯಿತು, ಎಂಟು ದಿನ ನೆಗಡಿ ಬಿಡಲಿಲ್ಲ. ಆದರೆ ಹಸುಗೂಸನ್ನು ಕಾಪಾಡಿದ ಹಾಗೆ ಆ ಲೆನ್ಸನ್ನು ಕಾಪಾಡಿದೆ. ಈ ಭಾಗವನ್ನು ಹೇಳುವಾಗಲೆಲ್ಲ ನನ್ನ ಬಗ್ಗೆ ನನಗೇ ಗೌರವ ಹೆಚ್ಚಾಗುತ್ತದೆ. ಮನೆಗೆ ಬಂದು ನೋಡಿದಾಗ ಲೆನ್ಸಿನ ಕೊರಳ ಸಂದಿಯಲ್ಲಿ ನೀರಿತ್ತು. ಗಾಜಿನ ಒಳಮೈಗೆ, ಯಾರೋ ಹತ್ತಿರ ಬಂದು ಉಸಿರು ಬಿಟ್ಟ ಹಾಗೆ, ಆವಿ ಹಿಡಿದಿತ್ತು.

ನಮ್ಮ ಕಡೆ ತೊಯ್ದದ್ದಕ್ಕೆಲ್ಲ ಒಂದೇ ಔಷಧ: ಅಕ್ಕಿ. ಬಕೆಟಿಗೆ ಬಿದ್ದ ಮೊಬೈಲು, ಮಳೆಗೆ ಸಿಕ್ಕ ಕೈಗಡಿಯಾರ, ಚಹಾ ಕುಡಿದ ಟಿವಿ ರಿಮೋಟು, ಎಲ್ಲವೂ ಒಂದಲ್ಲ ಒಂದು ದಿನ ನಮ್ಮ ಮನೆಯ ಅಕ್ಕಿ ಡಬ್ಬಿಯಲ್ಲಿ ಮಲಗಿ ಎದ್ದಿವೆ. ಗಂಗಾವತಿಯ ಇಷ್ಟೊಂದು ಅಕ್ಕಿ ಗಿರಣಿಗಳ ನೆರಳಿನಲ್ಲಿ ಬದುಕುವವರಿಗೆ ಅಕ್ಕಿಯ ಮೇಲೆ ಇಷ್ಟು ನಂಬಿಕೆ ಇರುವುದು ಸಹಜ. ಒಮ್ಮೆ ನನ್ನ ಅತ್ತೆ ಬೇಳೆ ತೆಗೆಯಲು ಬಂದು ಅಕ್ಕಿಯೊಳಗೆ ಫೋನು ರಿಂಗಾದದ್ದು ಕೇಳಿ, "ಯವ್ವಾ, ಅಕ್ಕಿ ನಿನ್ನ ಕರಿಯಾಕ ಹತ್ತೈತಿ" ಎಂದು ಕೂಗಿದ್ದರು.

ನಾನೂ ಹಿಂದೆಮುಂದೆ ನೋಡದೆ ವೀರೇಶನ ಲೆನ್ಸನ್ನು ಅಕ್ಕಿಯಲ್ಲಿ ಹೂತೆ. ಹೂಳುವಾಗ ನನ್ನೊಳಗಿನ ಮೇಷ್ಟ್ರಿಗೆ ಒಂದು ಖುಷಿಯೂ ಆಯಿತು. ಶಾಲೆಯಲ್ಲಿ ಪೀನ ಮಸೂರ, ನಿಮ್ನ ಮಸೂರ ಎಂದು ಉರು ಹೊಡೆದವರಿಗೆ ಲೆನ್ಸಿಗೆ ಕನ್ನಡದಲ್ಲಿ ಏನನ್ನುತ್ತಾರೆಂದು ಗೊತ್ತು. ಮಸೂರವೆಂದರೆ ಬೇಳೆಕಾಳು. ನಡುವೆ ಉಬ್ಬಿ ಅಂಚಿನಲ್ಲಿ ತೆಳ್ಳಗಾಗುವ ಆ ಕಾಳಿನ ಆಕಾರ ಕಂಡೇ ಗಾಜಿಗೆ ಆ ಹೆಸರು ಬಂತು. ಲ್ಯಾಟಿನ್ನಿನಲ್ಲಿ ಲೆನ್ಸ್ ಅಂದರೂ ಅದೇ ಕಾಳು. ನಮ್ಮ ಡಬ್ಬಿಯಲ್ಲಿದ್ದದ್ದು ಸೋನಾ ಮಸೂರಿ. ಆ ಮಸೂರಿಗೂ ಈ ಮಸೂರಕ್ಕೂ ಸಂಬಂಧವಿಲ್ಲವಂತೆ, ಆದರೂ ಮಸೂರವನ್ನು ಮಸೂರಿಯಲ್ಲಿಟ್ಟೆ ಎಂದು ಒಬ್ಬಳೇ ನಕ್ಕೆ. ಕೆಲಸ ಕೆಡಿಸುವಾಗ ಮನುಷ್ಯರು ಹೀಗೆ ಉಲ್ಲಾಸದಲ್ಲಿರುತ್ತಾರೆ.

ಕೆಲಸ ಕೆಟ್ಟದ್ದು ಹೀಗೆ: ಒಳಗೂ ಒಣಗಲಿ ಎಂದು ಲೆನ್ಸನ್ನು ಪೂರ್ತಿ ಉದ್ದಕ್ಕೆ ಎಳೆದು ಇಟ್ಟಿದ್ದೆ. ಜೂಮ್ ಲೆನ್ಸು ಉಸಿರಾಡುತ್ತದೆ. ಉದ್ದ ಎಳೆದರೆ ಹೊರಗಿನ ಗಾಳಿಯನ್ನು ಒಳಗೆ ಸೆಳೆಯುತ್ತದೆ, ಮಡಚಿದರೆ ಬಿಡುತ್ತದೆ. ಗಾಳಿಯ ಜೊತೆ ತೌಡು ಹೋಗುತ್ತದೆ, ನುಚ್ಚು ಹೋಗುತ್ತದೆ. ಗಾಳಿ ತಿರುಗಿ ಬರುತ್ತದೆ, ಅವು ಬರುವುದಿಲ್ಲ. ಇದನ್ನೆಲ್ಲ ನಾನು ಓದಿ ತಿಳಿದದ್ದು ಐದು ತಿಂಗಳ ನಂತರ, ಅಂದರೆ ವೀರೇಶ ಫೋನು ಮಾಡಿದ ಮೇಲೆ. ಅಕ್ಕಿಯಿಂದ ತೆಗೆದಾಗ ಆವಿ ಹೋಗಿತ್ತು. ಉಂಗುರದಲ್ಲಿ ಒಂದು ಸಣ್ಣ ತಡೆ ಬೆರಳಿಗೆ ತಾಗಿತ್ತು. ಬೆರಳಿಗೆ ತಾಗಿದ್ದನ್ನು ತಲೆಗೆ ತಲುಪಿಸದೆ ಬೀರುವಿನಲ್ಲಿಟ್ಟು ಬಾಗಿಲು ಹಾಕಿದೆ. ಬೂಟಿನ ಪೆಟ್ಟಿಗೆಗಳಿಂದ ಕೂಡಿಟ್ಟಿದ್ದ, ತೇವ ಹೀರುವ ಹರಳಿನ ಪುಡಿಕೆಗಳನ್ನು ಪಕ್ಕದಲ್ಲಿಟ್ಟದ್ದು ಜಾಣತನ. ರೇಷ್ಮೆ ಸೀರೆಗಳ ನಡುವೆ, ನುಸಿಗುಳಿಗೆಯ ವಾಸನೆಯಲ್ಲಿಟ್ಟದ್ದು ಹೆಡ್ಡತನ. ಆಮೇಲೆ ಅದನ್ನು ಹೊರಗೆ ತೆಗೆಯಲೇ ಇಲ್ಲ. ಬೆಳಕು, ಗಾಳಿ, ತಿರುಗಾಟ ಬೇಕೆಂದು ಕೊಟ್ಟವನ ಲೆನ್ಸಿಗೆ ನಾನು ಮಾಡಿದ ಉಪಚಾರ ಇದು.

ಆದರೆ ಒಂದು ಮಾತಿದೆ. ನಾನು ಬಟ್ಟೆ ಸುತ್ತಿ ಇಟ್ಟಿದ್ದೆ.

ಆ ಬಟ್ಟೆ ನನಗೆ ಚೆನ್ನಾಗಿ ನೆನಪಿದೆ. ಹಳೆಯ ಹತ್ತಿ ಸೀರೆಯ ತುಂಡು, ಬಿಳಿ, ಅಂಚಿನಲ್ಲಿ ನೀಲಿ ಗೆರೆ. ಅಕ್ಕಿಯಿಂದ ತೆಗೆದು ಬಟ್ಟೆ ಬಿಚ್ಚುವಾಗ ಎರಡು ಕಾಳು ನೆಲಕ್ಕೆ ಉದುರಿದ್ದೂ ನೆನಪಿದೆ. ಬಟ್ಟೆ ಸುತ್ತಿದ ಲೆನ್ಸಿನೊಳಗೆ ತೌಡು ಹೇಗೆ ಹೋಗುತ್ತದೆ? ಹಾಗಾದರೆ ಈ ಕರಕರ ಮೊದಲೇ ಇದ್ದಿರಬೇಕು. ವೀರೇಶ ಮದುವೆ ಮನೆಗಳಲ್ಲಿ ತಿರುಗುವವನು. ಅಲ್ಲಿ ಅಕ್ಕಿಕಾಳು ಮಳೆಯಂತೆ ಬೀಳುತ್ತವೆ. ಯೋಚಿಸಿದಷ್ಟೂ ವಾದ ಗಟ್ಟಿಯಾಗುತ್ತ ಹೋಯಿತು. ಹತ್ತು ಗಂಟೆಯ ಹೊತ್ತಿಗೆ ನಾನು ಹೆಚ್ಚುಕಡಿಮೆ ನಿರಪರಾಧಿಯಾಗಿದ್ದೆ.

ವಾದ ಇಷ್ಟು ಸಲೀಸಾಗಿ ಗೆದ್ದರೆ ನನಗೆ ಅನುಮಾನ ಬರುತ್ತದೆ. ಮೂವತ್ತು ವರ್ಷದಿಂದ ದಿನಚರಿ ಬರೆಯುತ್ತಿರುವುದು ನನ್ನ ನೆನಪಿನ ಶಕ್ತಿಯ ಹೆಮ್ಮೆಯಿಂದ ಅಲ್ಲ, ಅದರ ಭಯದಿಂದ. ಆ ಹದ್ದಿನ ಧೂಳನ್ನೇ ನೋಡಿ. ಅದು ಧೂಳೆಂದು ತಿಳಿದ ಮೇಲೂ ಕುಷ್ಟಗಿಯ ಆಕಾಶದಲ್ಲಿ ಅದು ರೆಕ್ಕೆ ಓರೆ ಮಾಡಿ ತಿರುಗಿದ್ದು ನನಗೆ ನೆನಪಿದೆ! ಸೆಪ್ಟೆಂಬರಿನ ಪುಟ ತೆರೆದೆ. ಅಲ್ಲಿ ಇದ್ದದ್ದು ಇಷ್ಟೇ: "ಕುಬಸ. ಮರಳಿ. ಮಳೆ. ಲೆನ್ಸ್ ತೊಯ್ದಿತು, ಅಕ್ಕಿಯಲ್ಲಿಟ್ಟೆ."

ಬಟ್ಟೆ ಇಲ್ಲ. ಬರೆಯುವಷ್ಟು ಮುಖ್ಯವೆನಿಸದೆ ಬಿಟ್ಟೆನೇ? ಕುಬಸದ ಊಟದಲ್ಲಿ ಯಾವ ಹೋಳಿಗೆ ಇತ್ತೆಂದು ಬರೆಯುವವಳು ನಾನು, ಪಕ್ಕದ ಪುಟಗಳಲ್ಲಿ ಅಂಥದ್ದು ಬೇಕಾದಷ್ಟಿದೆ. ಸಮಾಧಾನಕ್ಕೆ ರಬ್ಬರಿನ ಪಂಪು ತಂದು ಲೆನ್ಸಿನ ಸಂದಿಗೆ ಗಾಳಿ ಊದಿದೆ. ಮೆತ್ತನೆಯ ಕುಂಚದಿಂದ ಸವರಿದೆ. ಮೊಬೈಲಿನ ಟಾರ್ಚು ಹಾಕಿ ಗಾಜಿನೊಳಗೆ ನೋಡಿದೆ. ಒಳಗೆ, ಕೈಯಾಗಲಿ ಕುಂಚವಾಗಲಿ ಮುಟ್ಟಲಾರದಷ್ಟು ಆಳದಲ್ಲಿ, ಹಿಟ್ಟು ಚೆಲ್ಲಿದ ಹಾಗೆ ಸಣ್ಣ ಚುಕ್ಕೆಗಳು. ನೋಡಲು ಚೆಂದವಾಗಿದ್ದವು, ಅದೊಂದು ಕಷ್ಟ.

ಹನ್ನೊಂದಕ್ಕೆ ಹತ್ತು ನಿಮಿಷ ಮೊದಲೇ ಬೈಕಿನ ಸದ್ದಾಯಿತು.

ನನ್ನ ಅತ್ತೆ ಪಡಸಾಲೆಯಲ್ಲಿ ಮೊರದಲ್ಲಿ ಅಕ್ಕಿ ಹಾಕಿಕೊಂಡು ಹಸನು ಮಾಡುತ್ತಿದ್ದರು. ಹೋದ ವರ್ಷ ಅವರ ಎರಡೂ ಕಣ್ಣಿಗೆ ಪೊರೆಯ ಆಪರೇಷನ್ ಆಗಿದೆ. ಅಲ್ಲಿಂದ ಈಚೆಗೆ ನಮ್ಮ ಮನೆಯಲ್ಲಿ ಒಂದು ಜೇಡವೂ ನೆಮ್ಮದಿಯಿಂದ ಬಲೆ ಕಟ್ಟಿಲ್ಲ. ಅಕ್ಕಿಯಲ್ಲಿ ಕಲ್ಲಿರಲಿ, ಕಲ್ಲಿನ ನೆರಳಿದ್ದರೂ ಹೆಕ್ಕಿ ಎಸೆಯುತ್ತಾರೆ.

"ಬಾರಪಾ ವೀರೇಶ. ಕೈ ಹ್ಯಾಂಗೈತಿ?"

"ಕೈ ಬಂತ್ರಿ ಅಮ್ಮಾರ, ಬಲ ಇನ್ನಾ ಬರಬೇಕು. ನಿಮ್ಮ ಕಣ್ಣು?"

"ನನ್ನ ಕಣ್ಣಾಗೂ ಲೆನ್ಸ್ ಹಾಕ್ಯಾರಲ್ಲ. ನಿನ್ನದಕ್ಕಿಂತ ಸಣ್ಣದು, ನಿನ್ನದಕ್ಕಿಂತ ಛಲೋದು. ಹೊತ್ಕೊಂಡ ತಿರಗೂದು ಬೇಕಾಗಿಲ್ಲ."

ವೀರೇಶ ಜೋರಾಗಿ ನಕ್ಕ. ಎದುರು ಕೂತು ಗೂಬೆ ಮರಿಗಳ ವರದಿ ಶುರುಮಾಡಿದ. ದೊಡ್ಡದು ರೆಕ್ಕೆ ಬಡಿದು ನೋಡುತ್ತಿದೆ, ಸಣ್ಣದು ಇನ್ನೂ ಹತ್ತಿ ಉಂಡೆಯಂತಿದೆ. ಹೇಳುತ್ತಲೇ, ನಾನು ತಂದಿಟ್ಟ ಚೀಲದಿಂದ ಲೆನ್ಸು ತೆಗೆದು ತೊಡೆಯ ಮೇಲಿಟ್ಟುಕೊಂಡ. ಎಷ್ಟೋ ತಿಂಗಳ ಮೇಲೆ ಮನೆಗೆ ಬಂದ ಮಗಳನ್ನು ನೋಡಿದ ಹಾಗೆ ಒಮ್ಮೆ ಸವರಿದ. ಉಂಗುರ ತಿರುಗಿಸಿದ.

ಕರ್.

ಅವನು ಕಿವಿಯ ಹತ್ತಿರ ಹಿಡಿದು ಮತ್ತೆ ತಿರುಗಿಸಿದ. ತಲೆಕೆಳಗೆ ಮಾಡಿ ಅಂಗೈಗೆ ಮೆಲ್ಲಗೆ ತಟ್ಟಿದ. ಲೆನ್ಸಿನ ಕೊರಳ ಸಂದಿಯಿಂದ ಒಂದು ನುಚ್ಚು ಅಕ್ಕಿ ಅವನ ಅಂಗೈಗೆ ಬಿತ್ತು. ಅವನು ಅದನ್ನೇ ನೋಡಿದ, ನಾನೂ ಅದನ್ನೇ ನೋಡಿದೆ. ಅಷ್ಟು ಸಣ್ಣ ವಸ್ತುವನ್ನು ಇಬ್ಬರು ಅಷ್ಟು ಹೊತ್ತು ನೋಡಿದ್ದನ್ನು ನಾನು ಕಂಡಿಲ್ಲ.

"ಛೇ, ಅಕ್ಕಾರ," ಅಂದ ವೀರೇಶ. ಅವನ ಮುಖದಲ್ಲಿ ನಾಚಿಕೆ. "ಮದುವಿ ಮನಿ ಅಕ್ಕಿಕಾಳ ನೋಡ್ರಿ ಇದು. ಇದನ್ನ ಮದುವಿಗಿ ಒಯ್ಯಬಾರ್ದು ಅಂತ ನನ್ನ ಹೆಂಡ್ತಿ ಭಾಳ ಸಲ ಹೇಳ್ಯಾಳ. ಕಲ್ಯಾಣ ಮಂಟಪದಾಗ ಹಿಂದಿನ ಸಾಲಿನಿಂದ ತಗದ್ರ ಮಂದಿ ಸಹಜ ಇರ್ತಾರ ಅಂತ ನಾನ ಎರಡ ಸಲ ಒಯ್ದಿದ್ದೆ. ನನ್ನದ ತಪ್ಪು. ಕೆಟ್ಟ ಲೆನ್ಸ್ ಕೊಟ್ಟು ನಿಮಗೂ ತ್ರಾಸ ಮಾಡಿದೆ."

ನಾನು ಬೆಳಗಿನಿಂದ ಕಟ್ಟಿದ ವಾದವನ್ನು ಅವನೇ ನನ್ನ ಪರವಾಗಿ ಮಂಡಿಸಿ, ತೀರ್ಪನ್ನೂ ಕೊಟ್ಟು, ಶಿಕ್ಷೆಯನ್ನೂ ತಾನೇ ತೆಗೆದುಕೊಳ್ಳುತ್ತಿದ್ದ. ನಾನು ಸುಮ್ಮನಿದ್ದರೆ ಸಾಕಿತ್ತು. ಸುಮ್ಮನಿದ್ದೆ ಕೂಡ. ಎಷ್ಟು ಹೊತ್ತೋ ಹೇಳಲಾರೆ. ಎರಡು ಸಲ ಉಸಿರು ತೆಗೆದುಕೊಳ್ಳುವಷ್ಟು ಎಂದು ನನ್ನ ನೆನಪು ಹೇಳುತ್ತದೆ, ನೆನಪು ಇಂಥ ಕಡೆ ಯಾವಾಗಲೂ ಕಡಿಮೆಯೇ ಹೇಳುತ್ತದೆ. ಅತ್ತೆ ಅಕ್ಕಿ ಕೇರುವುದನ್ನು ನಿಲ್ಲಿಸಿದ್ದು ಮಾತ್ರ ಕಿವಿಗೆ ಬಿತ್ತು.

"ವೀರೇಶ, ಅದು ಮದುವಿ ಅಕ್ಕಿಕಾಳ ಅಲ್ಲ," ಅಂದೆ. "ನಮ್ಮನಿ ಅಕ್ಕಿ. ಸೆಪ್ಟೆಂಬರಿನಾಗ ಮಳಿಗಿ ಲೆನ್ಸ್ ತೊಯ್ದಿತ್ತು. ಒಣಗಲಿ ಅಂತ ಅಕ್ಯಾಗ ಇಟ್ಟಿದ್ದೆ." ಇಷ್ಟಕ್ಕೆ ನಿಲ್ಲಿಸಬೇಕಿತ್ತು. ನಾಲಿಗೆ ಕೇಳಲಿಲ್ಲ. "ಆದ್ರ ಬಟ್ಟಿ ಸುತ್ತೇ ಇಟ್ಟಿದ್ದೆ ಮತ್ತ."

"ಯಾವ ಬಟ್ಟಿ?" ಅಂದರು ಅತ್ತೆ.

"ಬಿಳೀದು ಅತ್ತೀ. ನೀಲಿ ಅಂಚಿಂದು."

"ಅದು ನನ್ನ ಸೀರಿ ತುಂಡು. ಸುತ್ತಿದಾಕಿ ನಾನು. ನೀ ಬರೇ ಇಟ್ಟ ಹೋಗಿದ್ದಿ, ಉದ್ದಕ ಕೊಳ್ಳ ಚಾಚಿಕೊಂಡ ಅಕ್ಯಾಗ ಬಿದ್ದಿತ್ತು. ಮರುದಿನ ಅನ್ನಕ್ಕ ಅಕ್ಕಿ ತಗ್ಯಾಕ ಹೋದಾಗ ನೋಡಿದೆ. ನನ್ನ ಕಣ್ಣಿಗಿ ಲೆನ್ಸ್ ಹಾಕಿದಾಗ ಡಾಕ್ಟರು, ಧೂಳ ಹೋಗಬಾರ್ದವ್ವಾ ಅಂತ ನೂರ ಸಲ ಹೇಳಿದ್ರು. ಇದೂ ಲೆನ್ಸ ಅಲ್ಲೇನು ಅಂತ ಒರಸಿ, ಮಡಚಿ, ಬಟ್ಟಿ ಸುತ್ತಿ ಮತ್ತ ಇಟ್ಟೆ."

"ನನಗ ಹೇಳಲೇ ಇಲ್ಲಲ್ರೀ?"

"ನೀ ಕೇಳಿದೇನು?"

ಹೀಗೆ ನನ್ನ ನೆನಪಿನ ಬಟ್ಟೆ ನಿಜವಾಗಿತ್ತು, ದಿನಚರಿಯ ಮೌನವೂ ನಿಜವಾಗಿತ್ತು. ಬಟ್ಟೆಯನ್ನು ಬಿಚ್ಚಿದವಳು ನಾನು. ಸುತ್ತಿದವಳೂ ನಾನೇ ಎಂದು ನೆನಪು ಸೇರಿಸಿಕೊಂಡಿತ್ತು. ಉದ್ದ ಲೆನ್ಸಿನಲ್ಲಿ ಹಕ್ಕಿಯ ಪುಕ್ಕ ಪುಕ್ಕವೂ ಕಾಣುವಾಗ ಅದರ ಹಿಂದಿದ್ದವರೆಲ್ಲ ಮಸುಕಾಗಿ ಬಣ್ಣವಾಗಿಬಿಡುತ್ತಾರೆ. ನೀಲಿ ಗೆರೆ ಅಷ್ಟು ಸ್ಪಷ್ಟವಾಗಿದ್ದಾಗ ಅದರ ಹಿಂದಿನ ಕೈ ಯಾರದೆಂದು ನಾನು ನೋಡಲೇ ಇಲ್ಲ.

ಇದೆಲ್ಲ ಆಮೇಲೆ ಹೊಳೆದದ್ದು. ಆಗ ನಾನು ವೀರೇಶನ ಕೈಯನ್ನೇ ನೋಡುತ್ತಿದ್ದೆ. ಅವನು ಇನ್ನೊಮ್ಮೆ ಉಂಗುರ ತಿರುಗಿಸಿದ. ಆರುನೂರು ಮಿಲಿಮೀಟರಿನ ಗೆರೆಗೆ ಹೋಗಬೇಕಾದದ್ದು ಮುನ್ನೂರರಲ್ಲಿ ನಿಂತಿತು. ಹಿಂದಕ್ಕೂ ಬರಲಿಲ್ಲ. ಬಲ ಹಾಕಲಿಲ್ಲ ಅವನು, ಲೆನ್ಸನ್ನು ನೆಲದ ಮೇಲೆ ಮೆಲ್ಲಗೆ ಇಟ್ಟ. ಚಹಾ ತಂದೆ, ಮುಟ್ಟಲಿಲ್ಲ.

"ತೊಯ್ದ ದಿನಾನ ಒಂದ ಫೋನ್ ಮಾಡಿದ್ರ ಸಾಕಿತ್ತಲ್ರಿ, ಅಕ್ಕಾರ."

"ಹೆದರಿದೆ."

"ನನಗ?" ಅವನು ನಗಲು ನೋಡಿದ. "ನನಗ ನಮ್ಮನಿ ಬೆಕ್ಕೂ ಹೆದರಂಗಿಲ್ರಿ."

ಲೆನ್ಸನ್ನು ಚೀಲಕ್ಕೆ ಹಾಕಿಕೊಂಡು ಎದ್ದ. ಬೈಕು ಶುರುಮಾಡಿ, ಹೆಲ್ಮೆಟ್ಟಿನೊಳಗಿನಿಂದ, ನನ್ನ ಕಡೆ ನೋಡದೆ ಹೇಳಿದ: "ನಾಳೆ ಮೊದಲ್ನೇ ಬಸ್ಸಿಗಿ ಬರ್ರಿ. ಕ್ಯಾಮೆರಾ ಸ್ಟ್ಯಾಂಡ್ ಹೊರಾಕ ಒಬ್ಬರು ಬೇಕು." ಇದು ಕ್ಷಮೆಯೋ ದಂಡವೋ ತಿಳಿಯಲಿಲ್ಲ. ಅರ್ಧ ದಿನದ ರಜೆ ಹಾಕಿ ಹೋದೆ.

ಸೂರ್ಯ ಏರಿ ಸ್ವಲ್ಪ ಹೊತ್ತಾಗಿತ್ತು. ನಾಟಿ ಮಾಡಿದ ಗದ್ದೆಗಳ ನಡುವಿನ ಬದುವಿನ ಮೇಲೆ ನಾನು ಸ್ಟ್ಯಾಂಡ್ ಹೊತ್ತು ಅವನ ಹಿಂದೆ ನಡೆದೆ. ಗುಂಡುಗಲ್ಲುಗಳ ಗುಡ್ಡ ಎದುರಿಗೇ ಇತ್ತು. ಎರಡು ದೊಡ್ಡ ಬಂಡೆಗಳ ಸಂದಿಯ ಕೆಳಗೆ, ಒಂದು ಚಾಚುಗಲ್ಲಿನ ಮೇಲೆ, ಬೂದು ಬಣ್ಣದ ಎರಡು ಉಂಡೆಗಳು. ನನಗೆ ಮೊದಲು ಕಾಣಲಿಲ್ಲ. ಅವು ಒಟ್ಟಿಗೆ ತಲೆ ತಿರುಗಿಸಿದಾಗ ನಾಲ್ಕು ಕಿತ್ತಳೆ ಕಣ್ಣು ಹೊಳೆದವು.

ವೀರೇಶ ಕ್ಯಾಮೆರಾ ಹೂಡಿ ನೋಡಿದ. ಮುನ್ನೂರರಲ್ಲಿ ಮರಿಗಳು ಚೌಕಟ್ಟಿನೊಳಗೆ ಹುಣಸೆ ಬೀಜದಷ್ಟಿದ್ದವು. ಅವನು ತಲೆ ಎತ್ತಿ ಗುಡ್ಡ ನೋಡಿದ, ಬದು ನೋಡಿದ. ಮೂವತ್ತು ಹೆಜ್ಜೆ ಮುಂದೆ ಹೋದರೆ ಮರಿಗಳು ದೊಡ್ಡದಾಗುತ್ತವೆ. ನನಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಸ್ಟ್ಯಾಂಡ್ ಎತ್ತಿಕೊಳ್ಳಿ ಎಂದು ಕಣ್ಣಲ್ಲೇ ಹೇಳಿದ. ಎತ್ತಿದೆ. ಐದು ಹೆಜ್ಜೆ, ಹತ್ತು ಹೆಜ್ಜೆ. ಮೇಲಿನ ಬಂಡೆಯ ಒಂದು ಭಾಗ ಅಲುಗಾಡಿತು. ಅದು ಬಂಡೆಯಾಗಿರಲಿಲ್ಲ. ತಾಯಿ ಗೂಬೆ ತಲೆಯ ಎರಡೂ ಕೊಂಬು ನಿಗುರಿಸಿ, ಮೈ ಅರ್ಧಕ್ಕೆ ಇಳಿಸಿಕೊಂಡು ನಮ್ಮನ್ನೇ ದಿಟ್ಟಿಸುತ್ತಿತ್ತು. ರೆಕ್ಕೆ ಸ್ವಲ್ಪ ಬಿಚ್ಚಿತು. ನನ್ನ ಕೈಯಲ್ಲಿ ಸ್ಟ್ಯಾಂಡಿನ ಕಾಲುಗಳು ಒಂದಕ್ಕೊಂದು ತಾಗಿ ಕಿಣಿ ಅನ್ನದಿರಲಿ ಎಂದು ಅವನ್ನು ಎದೆಗೊತ್ತಿ ಹಿಡಿದೆ. ಇನ್ನೊಂದು ಹೆಜ್ಜೆ ಇಟ್ಟಿದ್ದರೆ ಹಾರುತ್ತಿತ್ತು. ಮರಿಗಳನ್ನು ಬಿಸಿಲಿಗೂ ಕಾಗೆಗಳಿಗೂ ಬಿಟ್ಟು ಹಾರುತ್ತಿತ್ತು.

ವೀರೇಶನ ಕಾಲು ಎತ್ತಿದಲ್ಲೇ ನಿಂತಿತು. ಎರಡು ವರ್ಷ ಆ ಕಾಲಿನಲ್ಲಿತ್ತು. ಆಮೇಲೆ ಅವನು ಅದನ್ನು ಹಿಂದಕ್ಕೆ ಇಟ್ಟ.

"ಬ್ಯಾಡ್ರಿ," ಎಂದು ಪಿಸುಗುಟ್ಟಿದ. "ನಮ್ಮ ಲೆನ್ಸ್ ಕೆಟ್ರ ಅದ್ಯಾಕ ಮರಿ ಬಿಟ್ಟ ಹೋಗಬೇಕು?"

ಹತ್ತು ಹೆಜ್ಜೆ ಹಿಂದೆ ಬಂದೆವು. ತಾಯಿ ಮತ್ತೆ ಬಂಡೆಯಾಯಿತು. ಅವನು ಮುನ್ನೂರರಲ್ಲೇ, ಒಳಗಿನ ತೌಡಿನ ಸಮೇತ, ಬಿಸಿಲೇರಿ ಗಾಳಿ ನಡುಗತೊಡಗುವ ತನಕ ಫೋಟೋ ತೆಗೆದ. ಬಿಸಿಲುಗುದುರೆ ಎದ್ದ ಮೇಲೆ ಎಂಥ ಲೆನ್ಸೂ ಕುರುಡು. ಅದು ಎಲ್ಲರಿಗೂ ಸಮಾನ. ಬಸ್ ಸ್ಟ್ಯಾಂಡಿನಲ್ಲಿ ಕ್ಯಾಮೆರಾದ ಪರದೆ ನನ್ನ ಮುಂದೆ ಹಿಡಿದ. ಮೇಲೆ ಬಂಡೆಗಳು, ಸಂದಿಯಲ್ಲಿ ಎರಡು ಸಣ್ಣ ಉಂಡೆ, ಅದರ ಮೇಲೆ ಕಲ್ಲಿನಂಥ ತಾಯಿ, ಕೆಳಗೆ ಹಸಿರಿನ ಒಂದು ಪಟ್ಟಿ.

"ಭಾಳ ಛಲೋ ಬಂದೈತಿ, ವೀರೇಶ."

"ನೀವು ಛಲೋ ಅನ್ನಲೇಬೇಕಲ್ರಿ," ಅಂದ. ಆಗ ನಕ್ಕ. ಆ ಬೆಳಿಗ್ಗೆಯ ಮೊದಲ ನಗು ಅದು.

ಲೆನ್ಸು ಹುಬ್ಬಳ್ಳಿಗೆ ಹೋಗಿ, ಹದಿನೈದಕ್ಕೆ ಇಪ್ಪತ್ತು ದಿನ ಮಾಡಿಕೊಂಡು, ಸದ್ದಿಲ್ಲದೆ ತಿರುಗುತ್ತ ಮರಳಿ ಬಂತು. ಅಷ್ಟರಲ್ಲಿ ಗೂಬೆಮರಿಗಳು ಚದುರಿದ್ದವು. ರಿಪೇರಿಯವನು ಒಳಗೆ ಸಿಕ್ಕಿದ್ದನ್ನೆಲ್ಲ ಕಾಗದದ ಪುಡಿಕೆ ಕಟ್ಟಿ ಜೊತೆಗೇ ಕಳಿಸಿದ್ದ. ಚಿಟಿಕೆ ತೌಡು, ಮೂರು ನುಚ್ಚು. ವೀರೇಶ ಅದನ್ನು ತಂದು ನನ್ನ ಅತ್ತೆಯ ಕೈಗೆ ಕೊಟ್ಟ. "ನಿಮ್ಮನಿ ಅಕ್ಕಿ ನಿಮಗ ಮುಟ್ಟಿಸೀನ್ರಿ ಅಮ್ಮಾರ." ನೀಲಿ ಅಂಚಿನ ಬಟ್ಟೆಯನ್ನು ಮಾತ್ರ ಅವನೇ ಕೇಳಿ ಒಯ್ದ. ಲೆನ್ಸು ಈಗ ಅದರಲ್ಲಿ ಮಲಗುತ್ತದೆ.

ಗೂಬೆಗಳ ಫೋಟೋ ಅವನ ಸ್ಟುಡಿಯೋದ ಗೋಡೆಯ ಮೇಲೆ, ಮದುಮಕ್ಕಳ ಫೋಟೋಗಳ ನಡುವೆ ತೂಗುತ್ತಿದೆ. ಮದುವೆ ಮಾತಾಡಲು ಬರುವವರು ಗೂಬೆಯ ಮುಖ ನೋಡಿದರೆ ಬಾಗಿಲಿನಿಂದಲೇ ತಿರುಗಿ ಹೋಗುತ್ತಾರೆ. ಆರುನೂರರಲ್ಲಿ ತೆಗೆದಿದ್ದರೆ ಅದನ್ನು ಅಲ್ಲಿ ಹಾಕಲು ಅವನ ಹೆಂಡತಿ ಬಿಡುತ್ತಿರಲಿಲ್ಲ. ಈಗ ಎಲ್ಲರೂ "ಗುಡ್ಡ ಛಲೋ ಬಂದೈತಿ" ಎಂದು ಹೊಗಳಿ, ಮೂರು ಗೂಬೆಗಳ ಎದುರಿಗೇ ಕೂತು ಲಗ್ನದ ತಾರೀಕು ಹೇಳುತ್ತಾರೆ. ಆದರೂ ಅವನು ಬರುವ ಜನವರಿಯ ಮಾತಾಡುತ್ತಾನೆ. ಹತ್ತಿರದ ಫೋಟೋ ತಪ್ಪಿದ್ದು ತಪ್ಪಿದ್ದೇ, ಅದಕ್ಕೆ ನಾನೇ ಕಾರಣ. ಇದನ್ನು ಯಾವ ಬಟ್ಟೆಯಲ್ಲೂ ಸುತ್ತಲು ಹೋಗುವುದಿಲ್ಲ.

ದಿನಚರಿಯ ಸೆಪ್ಟೆಂಬರ್ ಪುಟದ ಅಂಚಿನಲ್ಲಿ, ಬರೆದ ದಿನದ ತಾರೀಕನ್ನೂ ಹಾಕಿ, ಬರೆದೆ: "ಬಟ್ಟೆ ಸುತ್ತಿದ್ದು ಅತ್ತೆ." ಬರೆದ ಸಮಾಧಾನದಲ್ಲಿ, ಮೊನ್ನೆ ಪಕ್ಕದ ಮನೆಯವರು ಬಂದಾಗ ಕಥೆಯನ್ನು ಮೊದಲಿನಿಂದ ಹೇಳಿದೆ. ಮರಳಿಯ ಮಳೆ, ಎದೆಗವಚಿಕೊಂಡ ಲೆನ್ಸು, ಮೇಲೆ ಮುಚ್ಚಿದ ಸೆರಗು, ಬಣ್ಣ ಹೋದ ರೇಷ್ಮೆ ಸೀರೆ. ಅತ್ತೆ ಪಕ್ಕದಲ್ಲೇ ಕೂತು ಕೇಳುತ್ತಿದ್ದರು. ನೆರೆಯವರು ಹೋದ ಮೇಲೆ ಅತ್ತೆ ಕೇಳಿದರು:

"ಲೆನ್ಸ್ ಸೆರಗಿನಾಗ ಮುಚ್ಚಿದ್ದಿ ಅಂತಿ. ಮಳಿ ಎಲ್ಲಾ ನಿನ್ನ ಬೆನ್ನಿಗಿ ಬಿತ್ತು ಅಂತಿ. ಹಂಗಾರ ಲೆನ್ಸ್ ಹ್ಯಾಂಗ ತೊಯ್ತವ್ವಾ?"

ಆ ರೇಷ್ಮೆ ಸೀರೆ ಬೀರುವಿನಲ್ಲಿ, ಮೇಲಿನಿಂದ ಮೂರನೆಯದು. ಬಣ್ಣ ಹೋಗಿದೆಯೋ ಇಲ್ಲವೋ ಬಿಚ್ಚಿ ನೋಡಿದರೆ ಗೊತ್ತಾಗುತ್ತದೆ. ಎರಡು ದಿನದಿಂದ ಬೀರುವಿನ ಮುಂದೆ ಹೋಗಿ ನಿಂತು ಬರುತ್ತಿದ್ದೇನೆ. ದಿನಚರಿಯ ಅಂಚಿನಲ್ಲಿ ಇನ್ನೂ ಒಂದು ಸಾಲಿಗೆ ಜಾಗವಿದೆ.